ವ್ಯಾನ್ ಮನೆಗೆ ಕರೆಂಟ್: ಜನರೇಟರ್, ಬ್ಯಾಟರಿ, ಸೋಲಾರ್, ಹೋಂಸ್ಟೇ ಪ್ಲಗ್ – ನಮ್ಮ ಕಡೆಗೆ ಯಾವುದು ಸರಿ?

ಎರಡು ತಿಂಗಳಿಂದ ಒಂದೇ ಪ್ರಶ್ನೆ ಮೂರು ಕಡೆಯಿಂದ ಬರುತ್ತಿದೆ. ಹಾಸನದ ಒಂದು ಕುಟುಂಬ ಹಳೆಯ ಟೆಂಪೋ ಟ್ರಾವೆಲರ್ ಕೊಂಡು ಒಳಗೆ ಮಂಚ, ಅಡುಗೆ ಕಟ್ಟೆ, ಮೇಲೊಂದು ಎಸಿ ಕೂರಿಸುತ್ತಿದೆ. ಕಡೂರಿನ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ ಇಬ್ಬರೇ ಓಡಾಡುವುದಕ್ಕೆ ಚಿಕ್ಕ ವ್ಯಾನ್ ಮಾಡಿಸಿದ್ದಾರೆ. ಮೂಡಿಗೆರೆಯ ಇಬ್ಬರು ಹುಡುಗರಿಗೆ ಮಳೆಗಾಲದಲ್ಲೂ ವ್ಯಾನ್‌ನಲ್ಲೇ ಕೂತು ಲ್ಯಾಪ್‌ಟಾಪ್ ಕೆಲಸ ಮಾಡಬೇಕು. ಮೂವರೂ ಕೇಳುವುದು ಇಷ್ಟೇ: ಜನರೇಟರ್ ತಗೊಳ್ಳೋಣವಾ, ಬ್ಯಾಟರಿ ಸಾಕಾ?

ನಾನು ಚಿಕ್ಕಮಗಳೂರಿನವನು. ಆರು ವರ್ಷದಿಂದ ನಮ್ಮ ವ್ಯಾನ್‌ನಲ್ಲಿ ಜನರೇಟರ್, ಟ್ಯೂಬುಲರ್ (ಆಸಿಡ್) ಬ್ಯಾಟರಿ, ಲಿಥಿಯಂ, ಸೋಲಾರ್ ಎಲ್ಲವನ್ನೂ ಒಂದಲ್ಲ ಒಂದು ಸಲ ಇಟ್ಟು ನೋಡಿದ್ದೇನೆ. ಅದರಿಂದ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಒಂದು ಮಾತು. ಯಾವ ಮೆಷಿನ್ ಅಂತ ಮೊದಲು ನೋಡಬಾರದು. ಯಾವ ಲೋಡನ್ನು ಕರೆಂಟಿನಿಂದ ಇಳಿಸಬಹುದು ಅಂತ ಮೊದಲು ನೋಡಬೇಕು. ಅದು ಮುಗಿದರೆ ಅರ್ಧ ಜನಕ್ಕೆ ಜನರೇಟರ್ ಬೇಕಾಗುವುದೇ ಇಲ್ಲ.

ಮೊದಲು ಅಳೆಯಬೇಕಾದ್ದು

ಎರಡು ಲೆಕ್ಕ ಬೇರೆ ಬೇರೆ ಇಟ್ಟುಕೊಳ್ಳಿ. ಒಂದು, ಒಂದೇ ಸಲಕ್ಕೆ ಎಷ್ಟು ವ್ಯಾಟ್ ಎಳೆಯುತ್ತೀರಿ. ಇನ್ನೊಂದು, ದಿನಕ್ಕೆ ಎಷ್ಟು ಯೂನಿಟ್ ಮುಗಿಸುತ್ತೀರಿ (ಸಾವಿರ ವ್ಯಾಟ್ ಒಂದು ಗಂಟೆ ಓಡಿದರೆ, ಅಂದರೆ 1,000 ವ್ಯಾಟ್-ಅವರ್, ಒಂದು ಯೂನಿಟ್). ಮೊದಲನೆಯದು ನಲ್ಲಿಯ ಅಗಲ, ಎರಡನೆಯದು ತೊಟ್ಟಿಯ ನೀರು. ಜನರೇಟರ್, ಇನ್ವರ್ಟರ್ (ಬ್ಯಾಟರಿಯ ಕರೆಂಟನ್ನು ಮನೆ ಕರೆಂಟಿನಂತೆ ಮಾಡುವ ಪೆಟ್ಟಿಗೆ), ಫ್ಯೂಸ್, ವೈರ್ ಇವೆಲ್ಲ ನಲ್ಲಿಯ ವಿಷಯ. ಬ್ಯಾಟರಿ, ಪೆಟ್ರೋಲು ತೊಟ್ಟಿಯ ವಿಷಯ. ಇವೆರಡನ್ನು ಕಲಸಿಕೊಂಡಿದ್ದರಿಂದಲೇ ನಾನು ನೋಡಿದ ಅರ್ಧ ವ್ಯಾನ್‌ಗಳಲ್ಲಿ ಒಂದೋ ಮಿಕ್ಸಿ ಹಾಕಿದ ತಕ್ಷಣ ಎಲ್ಲ ಟ್ರಿಪ್ ಆಗುತ್ತದೆ, ಇಲ್ಲ ಅಂದರೆ ರಾತ್ರಿ ಎರಡು ಗಂಟೆಗೆ ಫ್ರಿಜ್ ನಿಲ್ಲುತ್ತದೆ.

ನಮ್ಮ ವ್ಯಾನ್‌ನ ಒಂದು ದಿನ ಹೀಗಿರುತ್ತದೆ. 12 ವೋಲ್ಟ್‌ನ 45 ಲೀಟರ್ ಫ್ರಿಜ್ ಓಡುವಾಗ 45 ವ್ಯಾಟ್ ಎಳೆಯುತ್ತದೆ. ಬಿಟ್ಟು ಬಿಟ್ಟು ಓಡುವುದರಿಂದ ದಿನಕ್ಕೆ ಸುಮಾರು 450 ವ್ಯಾಟ್-ಅವರ್. 20 ವ್ಯಾಟ್‌ನ ಎರಡು ಫ್ಯಾನ್ ಎಂಟು ಗಂಟೆ ಓಡಿದರೆ 320. ಎಲ್ಇಡಿ ಲೈಟ್ 100. ನಾಲ್ಕು ಫೋನ್ 60. ಲ್ಯಾಪ್‌ಟಾಪ್ ಮೂರು ಗಂಟೆಗೆ 180. ನೀರಿನ ಪಂಪ್ 20. ಮಿಕ್ಸಿ ನಾಲ್ಕು ನಿಮಿಷ ಅಂದರೆ 50. ಇನ್ವರ್ಟರ್ ಸುಮ್ನೆ ಆನ್ ಇದ್ದರೂ ತನ್ನ ಪಾಡಿಗೆ ತಿನ್ನುವುದು ಒಂದು 75. ಕೂಡಿದರೆ ಸುಮಾರು 1,255. ಒಂದೂಕಾಲು ಯೂನಿಟ್. ಇಷ್ಟೇ!

ಈಗ ಅದರ ಮೇಲೆ ಇಂಡಕ್ಷನ್ ಒಲೆ ಇಡಿ. 1,500 ವ್ಯಾಟ್‌ನಲ್ಲಿ ದಿನಕ್ಕೆ ಒಂದು ಗಂಟೆ ಅಡುಗೆ ಅಂದರೂ ಒಂದೂವರೆ ಯೂನಿಟ್. ಉಳಿದೆಲ್ಲ ಸೇರಿ ತಿನ್ನುವುದಕ್ಕಿಂತ ಆ ಒಂದು ಒಲೆಯೇ ಜಾಸ್ತಿ ತಿಂತು. ಚಿಕ್ಕ ಎಸಿ ರಾತ್ರಿ ಎಂಟು ಗಂಟೆ ಸರಾಸರಿ 600 ವ್ಯಾಟ್‌ನಲ್ಲಿ ಓಡಿದರೆ ಹತ್ತಿರ ಹತ್ತಿರ ಐದು ಯೂನಿಟ್. ಇನ್ಸ್ಟಂಟ್ ಗೀಸರ್ 3,000 ವ್ಯಾಟ್, ಅದರ ಮಾತೇ ಬೇಡ.

ಅಂದರೆ ಬಿಸಿ ಮಾಡುವುದು ಮತ್ತು ತಂಪು ಮಾಡುವುದು, ಈ ಎರಡೇ ನಿಜವಾದ ಲೋಡ್. ಉಳಿದದ್ದೆಲ್ಲ ಚಿಲ್ಲರೆ.

ಬಿಸಿ ಮಾಡುವುದನ್ನು ಗ್ಯಾಸ್‌ಗೆ ಬಿಡಿ. ಒಂದು ಕೆಜಿ ಎಲ್‌ಪಿಜಿಯಲ್ಲಿ ಸುಮಾರು 12ರಿಂದ 13 ಯೂನಿಟ್‌ನಷ್ಟು ಶಾಖ ಇದೆ. ಒಲೆಯಲ್ಲಿ ಅರ್ಧ ಹಾಳಾಯಿತು ಅಂದುಕೊಂಡರೂ ಆರು ಯೂನಿಟ್ ಪಾತ್ರೆಗೆ ಸೇರುತ್ತದೆ. ಐದು ಕೆಜಿಯ ಚಿಕ್ಕ ಸಿಲಿಂಡರ್ ಮಾಡುವ ಕೆಲಸಕ್ಕೆ ಬ್ಯಾಟರಿ ಇಟ್ಟರೆ ವ್ಯಾನ್‌ನಲ್ಲಿ ಮಲಗಲು ಜಾಗ ಇರುವುದಿಲ್ಲ. ಆದರೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿದು ಕೂರುತ್ತದೆ. ಅದಕ್ಕೇ ಸಿಲಿಂಡರ್ ಗೂಡಿನ ತಳದಲ್ಲಿ ಹೊರಗೆ ತೆರೆಯುವ ತೂತು ಬೇಕೇ ಬೇಕು. ಮೇಲೆ ಕಿಟಕಿ ಇದೆಯಲ್ಲಾ ಅನ್ನುವುದು ಸಾಲದು.

ಇನ್ನು ತಂಪು. ಡಿಸೆಂಬರ್‌ನಲ್ಲಿ ಚಿಕ್ಕಮಗಳೂರು ಕಡೆ ರಾತ್ರಿ ಎರಡು ಕಂಬಳಿ ಬೇಕು. ಏಪ್ರಿಲ್‌ನಲ್ಲೂ ಸಂಜೆ ಒಂದು ಮಳೆ ಬಿದ್ದರೆ ಫ್ಯಾನ್ ಸಾಕು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಸುತ್ತುವವರಿಗೆ ರಾತ್ರಿ ಎಸಿ ಬೇಡ. ಇದನ್ನು ನಾನು ಪೂರ್ತಿ ನಂಬಿ ಹೇಳುತ್ತಿದ್ದೇನೆ. ಆದರೆ ಅದೇ ವ್ಯಾನ್ ಶಿರಾಡಿ ಘಾಟಿ ಇಳಿದು ಮೇ ತಿಂಗಳಲ್ಲಿ ಮಂಗಳೂರಿಗೆ ಹೋಗುವುದಾದರೆ ಲೆಕ್ಕವೇ ಬೇರೆ. ಹಾಗಾಗಿ ನಿಮ್ಮ ವ್ಯಾನ್ ವರ್ಷದಲ್ಲಿ ಎಷ್ಟು ರಾತ್ರಿ ಸೆಕೆಯ ಊರಲ್ಲಿ ಮಲಗುತ್ತದೆ ಅನ್ನುವುದೇ ಮೊದಲ ಪ್ರಶ್ನೆ.

ಉಳಿದ ಅಳತೆಗಳು ಹೀಗೆ: ಸದ್ದು, ಮಳೆ ತಡೆಯುವ ಶಕ್ತಿ, ತೂಕ, ಮೊದಲ ಖರ್ಚು, ಆಮೇಲೆ ಪ್ರತಿ ಯೂನಿಟ್‌ಗೆ ಬೀಳುವ ಖರ್ಚು. ಎಲ್ಲಕ್ಕಿಂತ ಮೇಲೆ ಜೀವಕ್ಕೆ ಅಪಾಯ ಎಷ್ಟು ಅನ್ನುವುದು.

ಜನರೇಟರ್

ಇದರ ಬಗ್ಗೆ ಉದ್ದ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಕೊಳ್ಳುವುದು ಇದನ್ನೇ. ನಾನೂ ಹಾಗೇ ಮಾಡಿದೆ.

ಜನರೇಟರ್‌ನಲ್ಲಿ ಎರಡು ಜಾತಿ. ಕಬ್ಬಿಣದ ಚೌಕಟ್ಟಿನಲ್ಲಿ ತೆರೆದೇ ಇರುವ ಹಳೆಯ ಬಗೆ ಒಂದು. ಮದುವೆ ಪೆಂಡಾಲಿನ ಹಿಂದೆ ಇರುತ್ತದಲ್ಲ, ಅದು. 50 ಹರ್ಟ್ಜ್ ಕರೆಂಟ್ ಕೊಡಬೇಕಾದರೆ ಅದರ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಲೇಬೇಕು. ಒಂದು ಫೋನ್ ಚಾರ್ಜ್ ಮಾಡಿದರೂ ಅಷ್ಟೇ, ಮಿಕ್ಸಿ ಹಾಕಿದರೂ ಅಷ್ಟೇ. ಇನ್ನೊಂದು ಇನ್ವರ್ಟರ್ ಜನರೇಟರ್. ಸೂಟ್‌ಕೇಸ್ ತರಹ ಮುಚ್ಚಿರುತ್ತದೆ. ಲೋಡ್ ಕಡಿಮೆ ಆದರೆ ಎಂಜಿನ್ ತಾನೇ ನಿಧಾನ ಮಾಡುತ್ತದೆ. ಕರೆಂಟ್ ನಯವಾಗಿರುತ್ತದೆ, ಲ್ಯಾಪ್‌ಟಾಪ್ ಚಾರ್ಜರ್ ಕೆಡುವುದಿಲ್ಲ. ಆದರೆ ಬೆಲೆ ಎರಡು ಮೂರು ಪಟ್ಟು.

ನಾನು ಮೊದಲ ವರ್ಷ ಹಳೆಯ ಬಗೆಯದನ್ನು ಸೆಕೆಂಡ್ ಹ್ಯಾಂಡ್ ತಂದೆ, ಎರಡೂವರೆ ಕೆವಿಎ (ಸುಮಾರು ಎರಡು ಸಾವಿರ ವ್ಯಾಟ್). ಮೂಡಿಗೆರೆ ಹತ್ತಿರ ಪರಿಚಯದವರ ತೋಟದಲ್ಲಿ ವ್ಯಾನ್ ನಿಲ್ಲಿಸಿ, ಹದಿನೈದು ಅಡಿ ದೂರದಲ್ಲಿ ಅದನ್ನು ಇಟ್ಟು, ಹಗ್ಗ ಎಳೆದು ಶುರು ಮಾಡಿದೆ. ಒಂಬತ್ತು ಗಂಟೆ ಇರಬಹುದು. ತೋಟದ ಕೆಲಸಗಾರರ ಲೈನ್ ಮನೆ ಕಡೆಯಿಂದ ಒಂದು ಟಾರ್ಚ್ ಬೆಳಕು ಏರಿ ಬಂತು. ಬಂದವರು ಜಗಳ ಆಡಲಿಲ್ಲ. "ಅಣ್ಣಾ, ಅದನ್ನ ಆಫ್ ಮಾಡಿ. ಬೈನೆ ಮರ ಮುರಿಯೋ ಸದ್ದು ಕೇಳಿಸಲ್ಲ" ಅಂದರು. ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಆನೆ ಬೈನೆ ಮರ ಮುರಿಯುವ ಸದ್ದೇ ಅವರಿಗೆ ಎಚ್ಚರಿಕೆಯ ಗಂಟೆ. ನನ್ನ ಜನರೇಟರ್ ಇಡೀ ಲೈನ್ ಮನೆಯವರ ಕಿವಿ ಮುಚ್ಚಿತ್ತು. ಆಫ್ ಮಾಡಿದ ಮೇಲೆ ಜೀರುಂಡೆ ಸದ್ದು ಒಮ್ಮೆಲೇ ಬಂದು ತುಂಬಿಕೊಂಡಿತು. ಆ ರಾತ್ರಿ ನಾನು ಕಲಿತದ್ದನ್ನು ಯಾವ ಅಂಗಡಿಯವರೂ ಹೇಳಿರಲಿಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ರಾತ್ರಿ ಜನರೇಟರ್ ಹಾಕಬೇಡಿ. ಅದು ಕಿರಿಕಿರಿಯ ಮಾತಲ್ಲ, ಜನರ ಪ್ರಾಣದ ಮಾತು.

ಕಾನೂನು ಕೂಡ ಅದೇ ಕಡೆ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಒಳ್ಳೆಯ ಇನ್ವರ್ಟರ್ ಜನರೇಟರ್ ಕೂಡ ಹತ್ತಿರದಲ್ಲಿ ಅದನ್ನು ದಾಟುತ್ತದೆ.

ಖರ್ಚು ನೋಡೋಣ. ಎರಡು ಕೆವಿಎ ದರ್ಜೆಯ ಒಳ್ಳೆಯ ಇನ್ವರ್ಟರ್ ಜನರೇಟರ್ ಪೂರ್ತಿ ಲೋಡ್‌ನಲ್ಲಿ ಒಂದು ಯೂನಿಟ್ ಕೊಡಲು ಮುಕ್ಕಾಲು ಲೀಟರ್‌ಗಿಂತ ಸ್ವಲ್ಪ ಕಡಿಮೆ ಪೆಟ್ರೋಲ್ ಕುಡಿಯುತ್ತದೆ. ಕಾಲು ಲೋಡ್‌ನಲ್ಲಿ ಓಡಿಸಿದರೆ ಅದೇ ಯೂನಿಟ್‌ಗೆ ಹತ್ತಿರ ಹತ್ತಿರ ಒಂದು ಲೀಟರ್. ಪೆಟ್ರೋಲ್ ನೂರು ರೂಪಾಯಿ ದಾಟಿದೆ. ಅಂದರೆ ಲೈಟು, ಫ್ಯಾನ್‌ಗೆ ಅಂತ ಜನರೇಟರ್ ಓಡಿಸಿದರೆ ಯೂನಿಟ್‌ಗೆ ನೂರು ರೂಪಾಯಿ! ಟೆಂಪೋ ಟ್ರಾವೆಲರ್ ಡೀಸೆಲ್ ಗಾಡಿ, ಜನರೇಟರ್ ಪೆಟ್ರೋಲ್. ಬೇರೆ ಕ್ಯಾನ್‌ನಲ್ಲಿ ಪೆಟ್ರೋಲ್ ಹೊತ್ತುಕೊಂಡು, ಅದರ ಪಕ್ಕದಲ್ಲೇ ಮಲಗುವುದು ನನಗೆ ಯಾವತ್ತೂ ಹಿಡಿಸಿಲ್ಲ.

ಎತ್ತರದ ವಿಷಯವನ್ನು ಮಾರುವವರು ಹೇಳುವುದೇ ಇಲ್ಲ. ಮೇಲೆ ಹೋದಷ್ಟು ಗಾಳಿ ತೆಳುವಾಗುತ್ತದೆ, ಎಂಜಿನ್ ಸೊರಗುತ್ತದೆ. ಸುಮಾರು 300 ಮೀಟರ್‌ಗೆ ಶೇಕಡಾ 3ರಿಂದ 3.5ರಷ್ಟು ಶಕ್ತಿ ಕಡಿಮೆ ಅಂತ ಲೆಕ್ಕ. ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರ್‌ಗಿಂತ ಮೇಲಿದೆ. ಕೆಮ್ಮಣ್ಣುಗುಂಡಿ 1,434 ಮೀಟರ್. ಅಲ್ಲಿ 1,800 ವ್ಯಾಟ್‌ನ ಜನರೇಟರ್ 1,500 ಕೊಟ್ಟರೆ ಅದೇ ಹೆಚ್ಚು. ಒಂದು ಕೆವಿಎ ಅಂತ ಬರೆದಿದ್ದರೆ ಮೊದಲೇ 800, 900 ವ್ಯಾಟ್, ಬೆಟ್ಟದ ಮೇಲೆ ಇನ್ನೂ ಕಡಿಮೆ. ಎಸಿ ಶುರುವಾಗುವ ಆ ಒಂದು ಕ್ಷಣಕ್ಕೆ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಹಾಸನದಲ್ಲಿ ಶುರುವಾದ ಎಸಿ ಬೆಟ್ಟ ಹತ್ತಿದ ಮೇಲೆ ಶುರುವಾಗಲಿಲ್ಲ ಅಂದರೆ ಕಾರಣ ಇದೇ. ಇನ್ವರ್ಟರ್ ಎಸಿ ಆದರೆ ನಿಧಾನಕ್ಕೆ ಶುರುವಾಗುತ್ತದೆ, ಈ ತೊಂದರೆ ಇರುವುದಿಲ್ಲ.

ಕೊನೆಯದು ಮಳೆ. ಮಲೆನಾಡಿನ ಜುಲೈನಲ್ಲಿ ಜನರೇಟರ್ ಎಲ್ಲಿಡುತ್ತೀರಿ? ಹೊರಗೆ ಇಟ್ಟರೆ ನೆನೆದು ಶಾಕ್ ಹೊಡೆಯುವ ಭಯ. ಟಾರ್ಪಾಲಿನ್ ಸುತ್ತಿದರೆ ಬಿಸಿ ಏರುತ್ತದೆ. ಆಗ ಜನ ಏನು ಮಾಡುತ್ತಾರೆ ಅಂದರೆ, ಬಾಗಿಲ ಮೆಟ್ಟಿಲ ಮೇಲೆ, ವ್ಯಾನಿನ ಅಡಿಗೆ, ಡಿಕ್ಕಿಯ ಒಳಗೆ ಎಳೆದುಕೊಳ್ಳುತ್ತಾರೆ. ಅಲ್ಲೇ ಸಾವು ಇರುವುದು. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್ ಒಳಗೆ ಇಬ್ಬರು ಹೀಗೇ ಸತ್ತರು. ಜನರೇಟರ್‌ನ ಹೊಗೆ ಒಳಗೆ ಸೇರಿದ್ದೇ ಕಾರಣ ಅಂತ ಪರೀಕ್ಷೆಯಲ್ಲಿ ತಿಳಿಯಿತು.

ಹಾಗಂತ ಜನರೇಟರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹಗಲಲ್ಲಿ ಎರಡು ಗಂಟೆ, ಬಯಲಲ್ಲಿ, ವ್ಯಾನಿನಿಂದ ಇಪ್ಪತ್ತು ಅಡಿಗಿಂತ ದೂರ, ಹೊಗೆ ಕೊಳವೆ ಆ ಕಡೆ ತಿರುಗಿಸಿ, ಲಿಥಿಯಂ ಬ್ಯಾಟರಿ ತುಂಬಿಸುವುದಕ್ಕೆ ಇದು ಒಳ್ಳೆಯ ಸಾಧನ. ಟ್ಯೂಬುಲರ್ ಬ್ಯಾಟರಿ ಜೊತೆ ಮಾತ್ರ ಇದರ ಜೋಡಿ ಕೂಡುವುದಿಲ್ಲ. ಟ್ಯೂಬುಲರ್ ಕೊನೆಯ ಶೇಕಡಾ 20 ತುಂಬಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಅಷ್ಟೂ ಹೊತ್ತು ಜನರೇಟರ್ ಕಾಲು ಲೋಡ್‌ನಲ್ಲಿ ಸುಮ್ನೆ ಪೆಟ್ರೋಲ್ ಸುಡುತ್ತಿರುತ್ತದೆ.

ಬ್ಯಾಟರಿ: ಟ್ಯೂಬುಲರಾ, ಲಿಥಿಯಮ್ಮಾ?

ಮನೆಯ ಯುಪಿಎಸ್‌ಗೆ ಇಡುವ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಟ್ಯೂಬುಲರ್ ಬ್ಯಾಟರಿ ಎಲ್ಲರಿಗೂ ಗೊತ್ತು. ಹದಿನೈದು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಕಾಗದದ ಮೇಲೆ 1,800 ವ್ಯಾಟ್-ಅವರ್. ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಷ್ಯ ಬೇಗ ಮುಗಿಯುತ್ತದೆ. ಹಾಗಾಗಿ ನಿಮ್ಮ ಕೈಗೆ ಬರುವುದು 900. ತೂಕ 50 ಕೆಜಿ ಮೇಲೆ. ಆಸಿಡ್ ನೀರು ಇರುವುದರಿಂದ ಘಾಟಿ ತಿರುವುಗಳಲ್ಲಿ ಅಲುಗದಂತೆ ಕಟ್ಟಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮಲಗುವ ಜಾಗದ ಕೆಳಗೆ ಇಡುವ ಹಾಗಿಲ್ಲ.

100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಇರುತ್ತದೆ. ಅದರಲ್ಲಿ ಸಾವಿರಕ್ಕಿಂತ ಜಾಸ್ತಿ ನಿಶ್ಚಿಂತೆಯಾಗಿ ಬಳಸಬಹುದು. ತೂಕ 10ರಿಂದ 13 ಕೆಜಿ. ಎರಡು ಸಾವಿರ ಸಲಕ್ಕಿಂತ ಹೆಚ್ಚು ತುಂಬಿ ಖಾಲಿ ಮಾಡಬಹುದು. ನಾನು ವಿಚಾರಿಸಿದಾಗ ಒಂದಕ್ಕೆ 25ರಿಂದ 40 ಸಾವಿರ ಹೇಳಿದರು. ಮೊದಲು ನೋಡಿದರೆ ದುಬಾರಿ. ಕೈಗೆ ಸಿಗುವ ಯೂನಿಟ್ ಮತ್ತು ಬಾಳಿಕೆ ಎರಡನ್ನೂ ಹಿಡಿದು ಭಾಗಿಸಿ ನೋಡಿ, ಲಿಥಿಯಮ್ಮೇ ಅಗ್ಗ. ಒಂದೇ ಒಂದು ಎಚ್ಚರಿಕೆ: ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ನಮ್ಮ ಜಿಲ್ಲೆಗಳಲ್ಲಿ ಆ ಚಿಂತೆ ಇಲ್ಲ. ಲಡಾಖ್‌ಗೆ ಹೊರಡುವವರು ನೆನಪಿಟ್ಟುಕೊಳ್ಳಿ.

ವರ್ಷಕ್ಕೆ ಎಂಟು ಹತ್ತು ರಾತ್ರಿ ಮಾತ್ರ ಹೊರಗೆ ಮಲಗುವವರು, ಕೈ ಬಿಗಿ ಇರುವವರು ಟ್ಯೂಬುಲರ್ ಇಟ್ಟುಕೊಂಡರೆ ತಪ್ಪೇನಿಲ್ಲ. ಉಳಿದವರು ಎರಡು ಸಲ ಯೋಚಿಸದೆ ಲಿಥಿಯಂ ತಗೊಳ್ಳಿ.

ಆದರೆ ಯಾವ ಬ್ಯಾಟರಿ ಆದರೂ ವೈರ್ ಸರಿ ಇಲ್ಲದಿದ್ದರೆ ಎಲ್ಲ ದಂಡ. ನನ್ನ ಮೊದಲ ವೈರಿಂಗ್ ಮಾಡಿದವರು ಬ್ಯಾಟರಿಯಿಂದ ಇನ್ವರ್ಟರ್‌ವರೆಗೆ ಮೂರು ಮೀಟರ್ ದೂರ 6 ಸ್ಕ್ವೇರ್ ಎಂಎಂ ವೈರ್ ಎಳೆದಿದ್ದರು. ಮನೆ ವೈರಿಂಗ್ ಲೆಕ್ಕದಲ್ಲಿ ಅದು ದಪ್ಪವೇ. ಒಂದು ಬೆಳಿಗ್ಗೆ ಹಿರೇಕೊಳಲೆ ಕೆರೆ ದಾರಿಯಲ್ಲಿ ನಿಲ್ಲಿಸಿ ಕಾಯಿ ಚಟ್ನಿಗೆ ಮಿಕ್ಸಿ ಹಾಕಿದೆವು. ಇನ್ವರ್ಟರ್ ಕುಂಯ್ ಅಂತ ಕೂಗಿ ನಿಂತಿತು. ಮತ್ತೆ ಹಾಕಿದೆವು, ಮತ್ತೆ ನಿಂತಿತು. ಮೂರನೆಯ ಸಲಕ್ಕೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಸೀಟಿನ ಕೆಳಗೆ ಕೈ ಹಾಕಿದರೆ ವೈರಿನ ಮೇಲಿನ ಕೆಂಪು ಪದರ ಬೆಣ್ಣೆ ಹಾಗೆ ಮೆತ್ತಗಾಗಿತ್ತು. 230 ವೋಲ್ಟ್‌ನಲ್ಲಿ 750 ವ್ಯಾಟ್‌ನ ಮಿಕ್ಸಿ ಮೂರು ಆಂಪ್ ಚಿಲ್ಲರೆ ಎಳೆಯುತ್ತದೆ. ಅದೇ ಮಿಕ್ಸಿಗೆ 12 ವೋಲ್ಟ್ ಬ್ಯಾಟರಿಯಿಂದ 70 ಆಂಪ್‌ಗಿಂತ ಜಾಸ್ತಿ ಹೋಗುತ್ತದೆ. ಹೋಗಿ ಬರುವ ಆರು ಮೀಟರ್ ವೈರಿನಲ್ಲೇ ಒಂದು ವೋಲ್ಟ್‌ಗಿಂತ ಹೆಚ್ಚು ಕಳೆದುಹೋಗುತ್ತಿತ್ತು. ಬ್ಯಾಟರಿ ತುಂಬಿದ್ದರೂ ಇನ್ವರ್ಟರ್‌ಗೆ ಖಾಲಿ ಅನ್ನಿಸುತ್ತಿತ್ತು. ಈಗ ಇನ್ವರ್ಟರನ್ನು ಬ್ಯಾಟರಿಯಿಂದ ಒಂದೂವರೆ ಅಡಿ ದೂರಕ್ಕೆ ತಂದು, 35 ಸ್ಕ್ವೇರ್ ಎಂಎಂ ಕೇಬಲ್ ಹಾಕಿ, ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಕೂರಿಸಿದ್ದೇನೆ. ಬ್ಯಾಟರಿಗೆ ಎಷ್ಟು ಖರ್ಚಾದರೂ ಆಗಲಿ, ಕೇಬಲ್ ಮತ್ತು ಫ್ಯೂಸ್‌ನಲ್ಲಿ ದುಡ್ಡು ಉಳಿಸಬೇಡಿ. ಇನ್ವರ್ಟರ್ ಕೂಡ ಮನೆ ಕರೆಂಟಿನಂತೆ ನಯವಾದ ಕರೆಂಟ್ ಕೊಡುವ, ಪ್ಯೂರ್ ಸೈನ್ ವೇವ್ ಅಂತ ಬರೆದಿರುವುದನ್ನೇ ತಗೊಳ್ಳಿ. ಅಗ್ಗದ್ದರಲ್ಲಿ ಮಿಕ್ಸಿ ಗುಂಯ್‌ಗುಡುತ್ತದೆ, ಮೋಟಾರ್ ಬಿಸಿ ಆಗುತ್ತದೆ.

ಓಡುವಾಗ ತುಂಬುವುದು

ನನ್ನ ಮಟ್ಟಿಗೆ ನಮ್ಮ ಜಿಲ್ಲೆಗಳಿಗೆ ಅತಿ ಹೊಂದುವ ದಾರಿ ಇದು. ಎಂಜಿನ್ ಓಡುವಾಗ ಕರೆಂಟ್ ಮಾಡುವ ಗಾಡಿಯ ಆಲ್ಟರ್ನೇಟರ್‌ನಿಂದ ಆ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಹದಮಾಡುವ ಡಿಸಿ-ಡಿಸಿ ಚಾರ್ಜರ್ ಮೂಲಕ ಒಳಗಿನ ಬ್ಯಾಟರಿ ತುಂಬಿಸುವುದು. 30 ಆಂಪ್‌ನ ಚಾರ್ಜರ್ ಗಂಟೆಗೆ ಸುಮಾರು 370 ವ್ಯಾಟ್-ಅವರ್ ಹಾಕುತ್ತದೆ. ಹಾಸನದಿಂದ ಹಳೇಬೀಡು, ಬೇಲೂರು ನೋಡಿಕೊಂಡು ಚಿಕ್ಕಮಗಳೂರು ಸೇರುವಷ್ಟರಲ್ಲಿ ಎರಡು ಗಂಟೆ ಎಂಜಿನ್ ಓಡಿರುತ್ತದೆ. ಮುಕ್ಕಾಲು ಯೂನಿಟ್ ಬಂತು. ಚಿಕ್ಕಮಗಳೂರಿನಿಂದ ಶೃಂಗೇರಿಗೆ ಹೋದರೆ ಒಂದು ಯೂನಿಟ್ ಹತ್ತಿರ. ಮಳೆ ಇರಲಿ, ಮಂಜು ಇರಲಿ, ಅದಕ್ಕೆ ಲೆಕ್ಕ ಇಲ್ಲ.

ಚಾರ್ಜರ್ ಬೇಡ, ನೇರವಾಗಿ ವೈರ್ ಎಳೆದರಾಯಿತು ಅನ್ನುವವರಿದ್ದಾರೆ. ಲಿಥಿಯಂಗೆ ಹಾಗೆ ಮಾಡಬೇಡಿ. ಖಾಲಿ ಲಿಥಿಯಂ ಬ್ಯಾಟರಿ ಸಿಕ್ಕಷ್ಟನ್ನೂ ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಡುತ್ತದೆ. ಅದೂ ಗಾಡಿ ನಿಂತು ಎಂಜಿನ್ ಐಡಲ್ ಇದ್ದಾಗ ತಣ್ಣಗಾಗಲು ಗಾಳಿಯೂ ಸಾಲದು. ಚಾರ್ಜರ್ 10ರಿಂದ 20 ಸಾವಿರ ಆಗುತ್ತದೆ, ಆಲ್ಟರ್ನೇಟರ್ ಉಳಿಯುತ್ತದೆ.

ಇದರ ಕೊರತೆ ಒಂದೇ. ಒಂದೇ ಕಡೆ ಮೂರು ನಾಲ್ಕು ದಿನ ನಿಂತರೆ ಏನೂ ಬರುವುದಿಲ್ಲ. ಬರೀ ಚಾರ್ಜ್ ಮಾಡುವುದಕ್ಕೆ ಎಂಜಿನ್ ಆನ್ ಮಾಡಿಟ್ಟು ಒಳಗೆ ಮಲಗುವುದಂತೂ ಬೇಡವೇ ಬೇಡ. ಜನರೇಟರ್ ಹೊಗೆಗೆ ಹೇಳಿದ್ದೇ ಇದಕ್ಕೂ.

ಸೋಲಾರ್: ಕಡೂರಿಗೊಂದು ಲೆಕ್ಕ, ಕಳಸಕ್ಕೊಂದು ಲೆಕ್ಕ

ಟಾಪ್ ಮೇಲೆ 400 ವ್ಯಾಟ್ ಪ್ಯಾನಲ್ ಹಾಕಿದರೆ ಫೆಬ್ರವರಿಯ ಬಿಸಿಲಲ್ಲಿ ದಿನಕ್ಕೆ ಒಂದೂವರೆ ಯೂನಿಟ್ ಸಿಗುತ್ತದೆ. ನಮ್ಮ ಲೆಕ್ಕದ ಒಂದೂಕಾಲು ಯೂನಿಟ್ ಅಲ್ಲಿಗೆ ಮುಗಿಯಿತು. ಸದ್ದಿಲ್ಲ, ಹೊಗೆಯಿಲ್ಲ, ಖರ್ಚಿಲ್ಲ. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಬಯಲಲ್ಲಿ ಮಳೆಗಾಲದಲ್ಲೂ ಸುಮಾರಾಗಿ ಕೆಲಸ ಮಾಡುತ್ತದೆ.

ಘಟ್ಟದ ಕಡೆ ಬಂದರೆ ಕಥೆ ಬೇರೆ. ಜುಲೈನಲ್ಲಿ ಕಳಸದಲ್ಲಿ ಮೂರು ದಿನ ನಿಂತಿದ್ದೆ. ಫೆಬ್ರವರಿಯಲ್ಲಿ ದಿನಕ್ಕೆ ಸಿಗುವುದರ ಕಾಲು ಭಾಗವೂ ಬರಲಿಲ್ಲ. ಬೇಸಿಗೆಯಲ್ಲೂ ಒಂದು ತೊಂದರೆ ಇದೆ. ತೋಟದಲ್ಲಿ ನಾವು ಗಾಡಿ ನಿಲ್ಲಿಸುವುದು ನೆರಳಲ್ಲೇ ಅಲ್ವಾ? ಕಾಫಿ ಇರುವುದೇ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳಲ್ಲಿ. ಒಂದು ಕೊಂಬೆಯ ನೆರಳು ಪ್ಯಾನಲ್‌ನ ಒಂದು ಮೂಲೆಗೆ ಬಿದ್ದರೂ ಸಾಲಾಗಿ ಜೋಡಿಸಿದ ಎಲ್ಲವೂ ಕುಂಟುತ್ತವೆ. ನೆರಳಲ್ಲಿ ನಿಂತರೆ ವ್ಯಾನ್ ತಂಪು, ಬ್ಯಾಟರಿ ಖಾಲಿ. ಬಿಸಿಲಲ್ಲಿ ನಿಂತರೆ ಬ್ಯಾಟರಿ ತುಂಬುತ್ತದೆ, ಒಳಗೆ ಬೇಯುತ್ತೀರಿ. ಇದಕ್ಕೆ ನಾನು ಕಂಡುಕೊಂಡ ದಾರಿ ಮಡಚುವ 200 ವ್ಯಾಟ್ ಪ್ಯಾನಲ್ ಮತ್ತು ಹತ್ತು ಮೀಟರ್ ದಪ್ಪ ಕೇಬಲ್. ವ್ಯಾನ್ ಮರದ ಕೆಳಗೆ, ಪ್ಯಾನಲ್ ಕಣದ ಅಂಚಿನಲ್ಲಿ. ಕಣ ಅಂದರೆ ಇಡೀ ತೋಟದಲ್ಲಿ ಪೂರ್ತಿ ಬಿಸಿಲು ಬೀಳುವ ಒಂದೇ ಜಾಗ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಕಾಫಿ ಹರಡಿರುತ್ತಾರೆ, ಆಗ ಕೇಳಿಯೇ ಇಡಿ. ಒಣಗುವ ಕಾಯಿಯ ಮೇಲೆ ನೆರಳು ಬೀಳಬಾರದು.

ಹೋಂಸ್ಟೇಯ ಪ್ಲಗ್

ಎಲ್ಲರೂ ಮರೆಯುವ ದಾರಿ ಇದು. ನಮ್ಮಲ್ಲಿ ಹೋಂಸ್ಟೇ ಇಲ್ಲದ ಊರು ಎಲ್ಲಿದೆ? ಅಂಗಳದಲ್ಲಿ ನಿಲ್ಲಿಸಿ, ಒಂದು ಊಟ ಹೇಳಿ, ಕರೆಂಟಿಗೆ ಇಷ್ಟು ಅಂತ ಮಾತಾಡಿಕೊಂಡರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಪೂರ್ತಿ. ಕಾಡಂಚಿನ ರಸ್ತೆ ಬದಿ ಮಲಗುವುದಕ್ಕಿಂತ ಇದು ಎಷ್ಟೋ ಮೇಲು.

ಸಣ್ಣ ಪ್ಲಗ್ 6 ಆಂಪ್, ಅಂದರೆ 1,380 ವ್ಯಾಟ್‌ವರೆಗೆ. ದೊಡ್ಡದು 16 ಆಂಪ್, 3,680 ವ್ಯಾಟ್. ಎಸಿ ಮತ್ತು ಕೆಟಲ್ ಎರಡನ್ನೂ ಸಣ್ಣ ಪ್ಲಗ್‌ನಲ್ಲಿ ಒಟ್ಟಿಗೆ ಹಾಕಿದರೆ ಅವರ ಮನೆಯ ಫ್ಯೂಸ್ ಹೋಗುತ್ತದೆ. ನೀರು ಕಾದ ಮೇಲೆ ಎಸಿ, ಒಂದಾದ ಮೇಲೆ ಒಂದು. ಎಕ್ಸ್‌ಟೆನ್ಷನ್ ಕೇಬಲ್ 2.5 ಸ್ಕ್ವೇರ್ ಎಂಎಂ ಇರಲಿ, ರಾಟೆಯಿಂದ ಪೂರ್ತಿ ಬಿಚ್ಚಿ ಹಾಕಿ. ಸುತ್ತಿಟ್ಟಂತೆಯೇ ದೊಡ್ಡ ಲೋಡ್ ಎಳೆದರೆ ಒಳಗಿನ ಸುತ್ತು ಕಾದು ಕರಗುತ್ತದೆ. ಮೂರು ದೀಪದ ಸಾಕೆಟ್ ಟೆಸ್ಟರ್ ಅಂತ ಚಿಕ್ಕದೊಂದು ಸಿಗುತ್ತದೆ. ಅದನ್ನು ಚುಚ್ಚಿ ಅರ್ತಿಂಗ್ ಇದೆಯಾ ನೋಡಿಯೇ ವ್ಯಾನ್ ಜೋಡಿಸಿ. ಹಳೆಯ ಮನೆಗಳಲ್ಲಿ ಮೂರನೆಯ ತೂತು ಬರೀ ತೂತಾಗಿರುವುದು ಉಂಟು. ವ್ಯಾನ್ ಮೈಯೆಲ್ಲ ತಗಡು, ನೆಲ ಒದ್ದೆ. ಒಳಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇಲ್ಲದೆ ಹೊರಗಿನ ಕರೆಂಟ್ ತಗೊಳ್ಳಬೇಡಿ. ಜನರೇಟರ್ ಕೂಡ ಇದ್ದರೆ ಎರಡರ ನಡುವೆ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಎರಡು ಕಡೆಯ ಕರೆಂಟ್ ಯಾವತ್ತೂ ಒಟ್ಟಿಗೆ ಸೇರಬಾರದು.

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಒಂದೆರಡು ದಿನ ಕರೆಂಟ್ ಇಲ್ಲದಿರಬಹುದು. ಹಾಗಾಗಿ ಇದೊಂದನ್ನೇ ನಂಬಿ ಹೊರಡುವಂತಿಲ್ಲ. ಬ್ಯಾಟರಿಯ ಜೊತೆಗೆ ಇದು ಚೆನ್ನ.

ಆ ಮೂವರಿಗೆ ನಾನು ಹೇಳಿದ್ದು

ಕಡೂರಿನ ಮೇಷ್ಟ್ರಿಗೆ: 100 ಎಎಚ್ ಲಿಥಿಯಂ ಒಂದು, ಟಾಪ್ ಮೇಲೆ 200 ವ್ಯಾಟ್ ಪ್ಯಾನಲ್, ಅಡುಗೆಗೆ ಗ್ಯಾಸ್. ಲ್ಯಾಪ್‌ಟಾಪ್ ಇಲ್ಲ, ಮಿಕ್ಸಿ ಬದಲು ಮನೆಯಿಂದಲೇ ಚಟ್ನಿಪುಡಿ ತರುತ್ತಾರಂತೆ. ದಿನಕ್ಕೆ ಮುಕ್ಕಾಲು, ಒಂದು ಯೂನಿಟ್ ಒಳಗೆ ಮುಗಿಯುತ್ತದೆ. 60 ಸಾವಿರದ ಆಸುಪಾಸು. ಹೋಂಸ್ಟೇ ಪ್ಲಗ್‌ಗೆ ಒಂದು ಚಾರ್ಜರ್ ಇಟ್ಟುಕೊಂಡರೆ ಅವರಿಗೆ ಜನರೇಟರ್ ಅನ್ನುವ ಪದವೇ ಬೇಡ.

ಮೂಡಿಗೆರೆಯ ಹುಡುಗರದು ಕಷ್ಟದ ಲೆಕ್ಕ. ಇಬ್ಬರು ದಿನಕ್ಕೆ ಎಂಟು ಗಂಟೆ ಕೆಲಸ ಮಾಡಿದರೆ ಲ್ಯಾಪ್‌ಟಾಪ್‌ಗೇ ಒಂದು ಯೂನಿಟ್ ಹತ್ತಿರ. ಮಳೆಗಾಲದಲ್ಲಿ ಸೋಲಾರ್ ಕೈ ಕೊಡುತ್ತದೆ. ಅವರಿಗೆ 200 ಎಎಚ್ ಲಿಥಿಯಂ, 40 ಆಂಪ್‌ನ ಡಿಸಿ-ಡಿಸಿ ಚಾರ್ಜರ್. ಎರಡು ದಿನ ನಿಂತರೆ ಮೂರನೆಯ ದಿನ ಜಾಗ ಬದಲಿಸಿ, ಇಲ್ಲವೇ ಹೋಂಸ್ಟೇ ಅಂಗಳ ಸೇರಿ ಅಂದೆ. ಅವರು ಒಂದು ಕೆವಿಎ ಇನ್ವರ್ಟರ್ ಜನರೇಟರ್ ತಗೊಳ್ಳಬೇಕು ಅಂತ ಹಟ ಹಿಡಿದಿದ್ದರು. ಮೊದಲ ಮಳೆಗಾಲ ಅದಿಲ್ಲದೆ ನೋಡಿ, ಕೊರತೆ ಬಿದ್ದರೆ ಆಮೇಲೆ ಕೊಳ್ಳಿ ಅಂತ ಒಪ್ಪಿಸಿದ್ದೇನೆ.

ಹಾಸನದ ಕುಟುಂಬಕ್ಕೆ ಮಾತ್ರ ಎರಡು ದಾರಿ ಕೊಟ್ಟೆ. ಮಕ್ಕಳ ಬೇಸಿಗೆ ರಜೆಯಲ್ಲಿ ಉಡುಪಿ, ಗೋಕರ್ಣ ಕಡೆ ಹೋಗಲೇಬೇಕು, ಎಸಿ ಬೇಕೇ ಬೇಕು ಅನ್ನುತ್ತಾರೆ. ಒಂದು ದಾರಿ, ಐದು ಯೂನಿಟ್ ಹಿಡಿಯುವ ಲಿಥಿಯಂ ಮತ್ತು ದೊಡ್ಡ ಇನ್ವರ್ಟರ್. ಎರಡು ಲಕ್ಷ ಸುಲಭವಾಗಿ ದಾಟುತ್ತದೆ, ತುಂಬಿಸಲು ಬೇರೆ ದಾರಿ ಹುಡುಕಬೇಕು. ಇನ್ನೊಂದು, 200 ಎಎಚ್ ಲಿಥಿಯಂ ಜೊತೆ ಎರಡು ಕೆವಿಎ ಇನ್ವರ್ಟರ್ ಜನರೇಟರ್. ಇದರಲ್ಲಿ ಎಸಿ ಸಂಜೆ ಮಲಗುವ ಮೊದಲು ಎರಡು ಗಂಟೆ ಮಾತ್ರ, ರಾತ್ರಿ ಫ್ಯಾನ್. ನಾನಾಗಿದ್ದರೆ ಎರಡನ್ನೂ ಬಿಟ್ಟು, ಕರಾವಳಿಯ ಆ ಆರೇಳು ರಾತ್ರಿ 16 ಆಂಪ್ ಪ್ಲಗ್ ಇರುವ ಜಾಗ ಬುಕ್ ಮಾಡುತ್ತಿದ್ದೆ. ಅವರು ಇನ್ನೂ ಯೋಚಿಸುತ್ತಿದ್ದಾರೆ. ಟಾಪ್ ಮೇಲೆ ಎಸಿ ಕೂರಿಸುವುದಕ್ಕೆ ಮೊದಲು ಆರ್‌ಟಿಒ ಅನುಮತಿ ತಗೊಳ್ಳಿ ಅಂತಲೂ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. ಆರ್‌ಸಿಗೂ ವ್ಯಾನಿಗೂ ತಾಳೆ ಆಗದಿದ್ದರೆ ಇನ್ಶೂರೆನ್ಸ್ ಹೊತ್ತಿಗೆ ತೊಂದರೆ.

ಮೂವರಿಗೂ ಸಮನಾಗಿ ಹೇಳಿದ್ದು ಒಂದೇ ವಸ್ತು: ಬ್ಯಾಟರಿಯಲ್ಲಿ ಓಡುವ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಜನರೇಟರ್ ಇಲ್ಲದವರಿಗೂ ಬೇಕು. ಗ್ಯಾಸ್ ಒಲೆ ಇದೆ, ಪಕ್ಕದಲ್ಲಿ ನಿಂತ ಇನ್ನೊಬ್ಬರ ಗಾಡಿಯ ಎಂಜಿನ್ ಇದೆ. ಮಲಗಿದಾಗ ತಲೆ ಬರುವ ಎತ್ತರಕ್ಕೆ, ದಿಂಬಿನಿಂದ ಒಂದೆರಡು ಅಡಿ ದೂರದಲ್ಲಿ ಗೋಡೆಗೆ ತಿರುಪು ಹಾಕಿ ಕೂರಿಸಿ. ಪ್ರತಿ ಸಲ ಹೊರಡುವ ಮುಂಚೆ ಅದರ ಟೆಸ್ಟ್ ಗುಂಡಿ ಒತ್ತಿ, ಸದ್ದು ಕೇಳಿಸಿಕೊಂಡು, ಆಮೇಲೆ ಕೀ ತಿರುಗಿಸಿ.